ರಾಜರಿಗೆ ಅರಮನೆ ಇದ್ದೂ ಹೋಟೆಲ್ ಯಾಕೆ?

ದೊಡ್ಡವರು ಇಳಿದುಕೊಳ್ಳುವ ಹೋಟೆಲ್‌ಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಕಾಗದಗಳು ಬಂದಿವೆ, ಭರ್ತಿ ಬಂದಿವೆ. ಅದರಲ್ಲಿ ಅರ್ಧಕ್ಕೂ ಜಾಸ್ತಿ ‘ಯಾವ ನಟ ಯಾರ ಜೊತೆ ಬಂದಿದ್ದ’ ಎನ್ನುವಂಥವು. ಅವನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಬೆಂಗಳೂರು, ಮುಂಬೈಗಳ ದೊಡ್ಡ ಹೋಟೆಲ್‌ಗಳಲ್ಲಿ ಹೌಸ್‌ಕೀಪಿಂಗ್ ಮಾಡಿ, ಈಗ ಕೊಡಗಿನ ನಾಪೋಕ್ಲು ಹತ್ತಿರ ತೋಟ ನೋಡಿಕೊಂಡಿರುವವಳು ನಾನು. ಹಾಸಿಗೆ ಹಾಸುವುದನ್ನು ಕಲಿಸುವ ಮೊದಲೇ ಅಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸುತ್ತಾರೆ. ಉಳಿದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಅಷ್ಟು ದೊಡ್ಡ ಅರಮನೆ ಇಟ್ಟುಕೊಂಡ ರಾಜ ರಾಣಿಯರು ಹೋಟೆಲ್‌ಗೆ ಯಾಕೆ ಹೋಗಬೇಕು? ಅವರಿಗೇನು ಕಷ್ಟ?
— ನಿವೃತ್ತ ಮೇಷ್ಟ್ರು, ಕುಶಾಲನಗರ

ಕಷ್ಟ ಇತ್ತು ಮೇಷ್ಟ್ರೇ. ಮೊದಲನೆಯದು ಸ್ನಾನದ ಕಷ್ಟ! ಆ ಕಾಲದ ಯುರೋಪಿನ ಅರಮನೆ ನೋಡೋಕೆ ಚೆಂದ, ಇರೋಕೆ ಚಳಿ. ಬಿಸಿನೀರನ್ನು ಆಳುಗಳು ಮೆಟ್ಟಿಲು ಹತ್ತಿ ಹೊತ್ತು ತರಬೇಕು, ತರುವಷ್ಟರಲ್ಲಿ ಆರಿರುತ್ತದೆ. 1889ರಲ್ಲಿ ಲಂಡನ್ನಿನಲ್ಲಿ ಸವಾಯ್ ಹೋಟೆಲ್ ಶುರುವಾಯಿತು. ಕಟ್ಟಿಸಿದವನು ನಾಟಕ ಕಂಪನಿಯ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್. ಅಲ್ಲಿ ಕರೆಂಟಿನ ದೀಪ, ಲಿಫ್ಟ್, ತಿರುಗಿಸಿದರೆ ಬಿಸಿನೀರು ಬರುವ ನಲ್ಲಿ ಎಲ್ಲ ಇತ್ತು. ಇಷ್ಟು ಸೌಕರ್ಯ ಎಷ್ಟೋ ರಾಜಮನೆತನಗಳ ಮನೆಯಲ್ಲೇ ಇರಲಿಲ್ಲ.

ಆ ಹೋಟೆಲ್ ನಡೆಸೋಕೆ ಬಂದವನು ಸೀಸರ್ ರಿಟ್ಸ್. ಸ್ವಿಟ್ಜರ್ಲೆಂಡಿನ ಬಡ ರೈತನ 13ನೇ ಮಗು. ಅಡುಗೆಮನೆಗೆ ಬಂದವನು ಫ್ರಾನ್ಸಿನ ಬಾಣಸಿಗ ಆಗಸ್ಟ್ ಎಸ್ಕೊಫಿಯೆ. ಇವರಿಬ್ಬರೂ ಸೇರಿ ರಾಜರಿಗೆ ಹೋಟೆಲಿನ ರುಚಿ ಹತ್ತಿಸಿದರು. ರಿಟ್ಸ್ 1898ರಲ್ಲಿ ಪ್ಯಾರಿಸ್‌ನಲ್ಲಿ ತನ್ನದೇ ಹೆಸರಿನ ಹೋಟೆಲ್ ತೆರೆದ. ಅವನ ಕೊನೆಯ ಕತೆ ಮಾತ್ರ ಬೇಜಾರಿನದು. 1902ರ ಜೂನ್‌ನಲ್ಲಿ ಏಳನೇ ಎಡ್ವರ್ಡ್‌ಗೆ ಲಂಡನ್ನಿನಲ್ಲಿ ಪಟ್ಟಾಭಿಷೇಕ ಆಗಬೇಕಿತ್ತು. ಅಲ್ಲಿನ ಕಾರ್ಲ್‌ಟನ್ ಹೋಟೆಲ್‌ನಲ್ಲಿ ರಿಟ್ಸ್ ಭಾರೀ ತಯಾರಿ ಮಾಡಿಕೊಂಡಿದ್ದ. ಎರಡು ದಿನ ಇದೆ ಎನ್ನುವಾಗ ರಾಜನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಎಲ್ಲ ಮುಂದಕ್ಕೆ ಹೋಯಿತು. ರಾಜ ಹುಷಾರಾದ, ಆಗಸ್ಟ್‌ನಲ್ಲಿ ಪಟ್ಟಕ್ಕೂ ಏರಿದ. ರಿಟ್ಸ್ ಮಾತ್ರ ಅವತ್ತು ಕುಸಿದವನು ಮತ್ತೆ ಸರಿಯಾಗಲೇ ಇಲ್ಲ. 1918ರಲ್ಲಿ ತೀರಿಕೊಂಡ. ದೊಡ್ಡ ಮದುವೆಯ ಬುಕಿಂಗ್ ಹಿಂದಿನ ದಿನ ರದ್ದಾದಾಗ ಮ್ಯಾನೇಜರ್ ಮುಖ ಏನಾಗುತ್ತದೆ ಎಂದು ನೋಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಎರಡನೇ ಕಾರಣ, ಮುಲಾಜು. ಇನ್ನೊಬ್ಬ ರಾಜನ ಮನೆಯಲ್ಲಿ ಇಳಿದರೆ ಅವನು ಎದ್ದಾಗ ಏಳಬೇಕು, ಕೂತಾಗ ಕೂರಬೇಕು. ಹೋಟೆಲ್‌ನಲ್ಲಿ ಬಿಲ್ ಕೊಟ್ಟರೆ ಆಯಿತು, ಯಾರ ಹಂಗೂ ಇಲ್ಲ. 1860ರಲ್ಲಿ ಫ್ರಾನ್ಸಿನ ರಾಣಿ ಯೂಜೆನಿ ಲಂಡನ್ನಿಗೆ ಬಂದಾಗ ಇಳಿದದ್ದು ಕ್ಲಾರಿಡ್ಜಸ್ ಹೋಟೆಲ್‌ನಲ್ಲಿ. ವಿಕ್ಟೋರಿಯಾ ರಾಣಿಯೇ ಅಲ್ಲಿಗೆ ಹೋಗಿ ಮಾತಾಡಿಸಿಕೊಂಡು ಬಂದಳು. ಹೋಟೆಲ್‌ಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಮೂರನೆಯದು, ಅರಮನೆಯೇ ಕೈತಪ್ಪಿ ಹೋದವರ ಕತೆ. ಎರಡನೇ ಮಹಾಯುದ್ಧದಲ್ಲಿ ದೇಶ ಬಿಟ್ಟು ಓಡಿ ಬಂದ ಯುರೋಪಿನ ರಾಜರಿಗೆ ಇದೇ ಕ್ಲಾರಿಡ್ಜಸ್ ಆಸರೆ. 1945ರ ಜುಲೈ 17ರಂದು ಅಲ್ಲಿನ 212ನೇ ಸೂಟ್‌ನಲ್ಲಿ ಯುಗೊಸ್ಲಾವಿಯಾದ ಯುವರಾಜ ಅಲೆಕ್ಸಾಂಡರ್ ಹುಟ್ಟಿದ. ಮಗು ತನ್ನ ನೆಲದಲ್ಲೇ ಹುಟ್ಟಬೇಕು ಎಂದು ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಆ ಒಂದು ಕೋಣೆಯನ್ನು ಒಂದು ದಿನದ ಮಟ್ಟಿಗೆ ಯುಗೊಸ್ಲಾವಿಯಾ ಎಂದು ಘೋಷಿಸಿದರು, ಮಂಚದ ಕೆಳಗೆ ಆ ದೇಶದ ಮಣ್ಣು ಇಟ್ಟಿದ್ದರು ಎಂದು ಹೇಳುತ್ತಾರೆ. ಮಗು ಹುಟ್ಟಿದ್ದು ನಿಜ. ಮಣ್ಣಿನ ಕತೆಗೆ ದಾಖಲೆ ಇಲ್ಲ. ನನಗಂತೂ ಅದನ್ನು ನಂಬಬೇಕು ಅನಿಸುತ್ತದೆ, ಆ ಮಣ್ಣನ್ನು ಗುಡಿಸಿದ ಹೌಸ್‌ಕೀಪಿಂಗ್ ಹುಡುಗಿ ಯಾರೋ ಪಾಪ.

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಸೆಲೆಬ್ರಿಟಿ ಬಂದಾಗ ರೂಮಿನಲ್ಲಿ ನಿಜಕ್ಕೂ ಏನು ಬೇರೆ ಮಾಡುತ್ತಾರೆ? ಪುಸ್ತಕದಲ್ಲಿ ಬರೀ ‘ವಿಐಪಿ ಅಮೆನಿಟೀಸ್’ ಎಂದಿದೆ.
— ವಿದ್ಯಾರ್ಥಿನಿ, ವಿರಾಜಪೇಟೆ

ಪುಸ್ತಕದಲ್ಲಿರುವುದು ಹಣ್ಣಿನ ಬುಟ್ಟಿ, ಹೂವು, ಚಾಕೊಲೇಟ್. ಅದನ್ನು ಯಾರೂ ಮುಟ್ಟುವುದಿಲ್ಲ, ಮಾರನೇ ದಿನ ಸ್ಟಾಫ್ ಕ್ಯಾಂಟೀನಿಗೆ ಬರುತ್ತದೆ.

ನಾವು ಮಾಡುತ್ತಿದ್ದದ್ದು ಬೇರೆ. ರೂಮ್ ತಯಾರಾದ ಮೇಲೆ ನಮ್ಮ ಸೂಪರ್‌ವೈಸರ್ ಶೂ ಕಳಚಿ ಖಾಲಿ ಬಾತ್‌ಟಬ್‌ನಲ್ಲಿ ಮಲಗುತ್ತಿದ್ದರು. ಅಲ್ಲಿಂದ ಮೇಲೆ ನೋಡಿದರೆ ವಾಶ್‌ಬೇಸಿನ್‌ನ ಅಡಿಭಾಗ ಕಾಣುತ್ತದೆ. ನಿಂತು ಒರೆಸುವವರಿಗೆ ಅದು ಕಾಣುವುದಿಲ್ಲ, ಸ್ನಾನಕ್ಕೆ ಇಳಿದವರಿಗೆ ಮಾತ್ರ ಕಾಣುತ್ತದೆ. ಆಮೇಲೆ ಹಾಸಿಗೆಯ ಎರಡೂ ಕಡೆ ತಲೆ ಇಟ್ಟು, ಎಸಿ ಗಾಳಿ ನೇರ ಮುಖಕ್ಕೆ ಬರುತ್ತದಾ ಅಂತ ನೋಡುತ್ತಿದ್ದರು. ಎರಡು ಪರದೆ ಸೇರುವ ಕಡೆ ಬೆಳಗಿನ ಬಿಸಿಲು ಒಂದು ಗೆರೆಯಷ್ಟು ಒಳಗೆ ಬಂದರೂ ಕ್ಲಿಪ್ ಹಾಕಬೇಕು. ರಾತ್ರಿ ಎರಡಕ್ಕೆ ಶೂಟಿಂಗ್ ಮುಗಿಸಿ ಬಂದವರಿಗೆ ಬಂಗಾರದ ನಲ್ಲಿಗಿಂತ ಆ ಕ್ಲಿಪ್ ಮುಖ್ಯ.

ಇನ್ನೊಂದು, ಗೆಸ್ಟ್ ಹಿಸ್ಟರಿ ಕಾರ್ಡ್. ಈಗ ಎಲ್ಲ ಕಂಪ್ಯೂಟರ್‌ನಲ್ಲಿದೆ, ನಮ್ಮ ಕಾಲದಲ್ಲಿ ರಟ್ಟಿನ ಕಾರ್ಡು. ದಿಂಬು ಗಟ್ಟಿಯದಾ ಮೆತ್ತಗಿನದಾ, ಮಂಚದ ಯಾವ ಬದಿಯಲ್ಲಿ ಮಲಗುತ್ತಾರೆ, ಕಾಫಿಗೆ ಸಕ್ಕರೆ ಎಷ್ಟು, ಎಲ್ಲ ಅದರಲ್ಲಿ. ದೇಶಕ್ಕೇ ಗೊತ್ತಿದ್ದ ಒಬ್ಬ ಹಿಂದಿ ನಟ ಒಮ್ಮೆ ನಡುರಾತ್ರಿ ಗಂಜಿ ಕೇಳಿದ. ಕಿಚನ್‌ನಲ್ಲಿ ನೈಟ್ ಡ್ಯೂಟಿಯಲ್ಲಿದ್ದವನು ಕುಂದಾಪುರದ ಕಡೆಯ ಹುಡುಗ, ಖುಷಿಯಿಂದ ಕುಚಲಕ್ಕಿ ಗಂಜಿ ಮಾಡಿದ. ಸ್ಟಾಫ್ ಊಟದ ಮಾವಿನ ಮಿಡಿ ಉಪ್ಪಿನಕಾಯಿಯನ್ನೇ ಇಟ್ಟ. ಮ್ಯಾನೇಜರ್ ಬೆಳ್ಳಿ ಬೋಗುಣಿಯಲ್ಲಿ ಕಳಿಸಿದರು. ನಟ ಅದನ್ನು ನೋಡಿ, ‘ಸ್ಟೀಲ್ ಬಟ್ಟಲು ಇಲ್ವಾ?’ ಎಂದು ಕೇಳಿದನಂತೆ. ಅವತ್ತೇ ಕಾರ್ಡ್‌ನಲ್ಲಿ ಬಿತ್ತು: ಗಂಜಿ, ಮಿಡಿ ಉಪ್ಪಿನಕಾಯಿ, ಸ್ಟೀಲ್ ಬಟ್ಟಲು. ಮುಂದಿನ ಸಲ ಬಂದಾಗ ಅವನು ಕೇಳುವ ಮೊದಲೇ ಹೋಯಿತು. ಆತ ಆಮೇಲೆ ಆ ಊರಿನಲ್ಲಿ ಬೇರೆ ಹೋಟೆಲ್ ನೋಡಲಿಲ್ಲ.

ಮತ್ತೆ ಗುಟ್ಟು. ರೂಮ್ ಲಿಸ್ಟ್‌ನಲ್ಲಿ ಬೇರೆ ಹೆಸರು, ಅಸಲಿ ಗುರುತಿನ ಚೀಟಿ ಮ್ಯಾನೇಜರ್ ಬೀರುವಿನಲ್ಲಿ. ಮುಂಬಾಗಿಲಲ್ಲಿ ಕ್ಯಾಮೆರಾದವರು ಕಾಯುತ್ತಿದ್ದರೆ ಅತಿಥಿ ಹಿಂದಿನಿಂದ, ಈರುಳ್ಳಿ ಮೂಟೆ ಇಳಿಸುವ ಬಾಗಿಲಲ್ಲಿ ಬಂದು ಸರ್ವಿಸ್ ಲಿಫ್ಟ್ ಹತ್ತುತ್ತಾರೆ. ಅವರ ಕಸದ ಬುಟ್ಟಿಯನ್ನೂ ಬೇರೆ ಕಸದ ಜೊತೆ ಸೇರಿಸುತ್ತಿರಲಿಲ್ಲ. ಕಸ ಕೆದಕುವವರೂ ಇದ್ದಾರೆ, ನಂಬು. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರಾಜ ಚಾರ್ಲ್ಸ್ ಮತ್ತು ರಾಣಿ ಕಮಿಲಾ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಸೌಖ್ಯ ಚಿಕಿತ್ಸಾ ಕೇಂದ್ರಕ್ಕೆ ಬಂದಿದ್ದರು. ಪೇಪರಿನಲ್ಲಿ ಸುದ್ದಿ ಬರುವಷ್ಟರಲ್ಲಿ ಅವರು ಹೊರಡುವ ಹೊತ್ತಾಗಿತ್ತು. ಅಲ್ಲಿನ ಕೆಲಸದವರಿಗೆ ನನ್ನ ಸಲಾಂ.

ಉದಯಪುರ, ಜೋಧಪುರದ ಅರಮನೆಗಳೆಲ್ಲ ಹೋಟೆಲ್ ಆಗಿವೆ. ನಮ್ಮ ಮಡಿಕೇರಿ ಅರಮನೆ ಯಾಕೆ ಆಗಲಿಲ್ಲ? ಆಗಿದ್ದರೆ ಊರಿಗೆ ಎಷ್ಟು ಹೆಸರು ಬರುತ್ತಿತ್ತು!
— ಕಾಫಿ ಬೆಳೆಗಾರ, ಪೊನ್ನಂಪೇಟೆ

ಹೋಟೆಲ್ ಮಾಡೋಕೆ ಅರಮನೆ ಇದ್ದರೆ ಸಾಲದು, ಅದು ರಾಜನ ಕೈಯಲ್ಲಿ ಉಳಿದಿರಬೇಕು. ನಮ್ಮಲ್ಲಿ ಉಳಿಯಲಿಲ್ಲ. 1834ರಲ್ಲಿ ಇಂಗ್ಲಿಷ್ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿತು. ಲಿಂಗರಾಜೇಂದ್ರ 1812ರಿಂದ 1814ರವರೆಗೆ ಹೊಸದಾಗಿ ಕಟ್ಟಿಸಿದ ಕೋಟೆಯ ಅರಮನೆ ಹೀಗೆ ಸರ್ಕಾರದ ಪಾಲಾಯಿತು. ಆಮೇಲೆ ಎಷ್ಟೋ ಕಾಲ ಅಲ್ಲಿ ಕಚೇರಿಗಳೇ. ನಮ್ಮ ತಲೆಮಾರಿನವರಿಗೆ ಕೋಟೆ ಎಂದರೆ ಪಹಣಿ, ಸಹಿ, ಕ್ಯೂ. ರಾಜಸ್ಥಾನದಲ್ಲಿ ಸ್ವಾತಂತ್ರ್ಯ ಬರುವವರೆಗೂ ರಾಜರಿದ್ದರು, ಕಟ್ಟಡಗಳು ಅವರ ಹೆಸರಿನಲ್ಲೇ ಉಳಿದವು.

ಚಿಕ್ಕವೀರರಾಜ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ಕೈಸೇರಿದ್ದ ತನ್ನ ಹಣಕ್ಕಾಗಿ ಕೋರ್ಟಿಗೆ ಹೋಗುವುದು ಅವನ ಉದ್ದೇಶ. ಆ ಹುಡುಗಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ರೈಸ್ತ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಹೆಸರು ವಿಕ್ಟೋರಿಯಾ ಗೌರಮ್ಮ. ರಾಜ 1859ರಲ್ಲಿ ಅಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ. ಲಂಡನ್ನಿನ ಹೋಟೆಲ್‌ಗಳಲ್ಲಿ ನಮ್ಮ ಮಹಾರಾಜರು ಸಾಲಾಗಿ ಬಂದು ಇಳಿಯುವ ಕಾಲಕ್ಕೆ ಎಷ್ಟೋ ಮೊದಲೇ ಅಲ್ಲಿಗೆ ಹೋಗಿ ಬಾಳಿದ ಕೊಡಗಿನವರು ಇವರು. ಖುಷಿಯಿಂದ ಹೋದದ್ದಲ್ಲ ಅಷ್ಟೇ.

ಇನ್ನು ಹೆಸರಿನ ಮಾತು. ರಾಜಸ್ಥಾನದವರು ಹೆಸರಿಗಾಗಿ ಹೋಟೆಲ್ ಮಾಡಲಿಲ್ಲ, ಖರ್ಚು ತೂಗಿಸೋಕೆ ಮಾಡಿದರು. ಜೈಪುರದ ರಾಮ್‌ಬಾಗ್ ಅರಮನೆ 1957ರಲ್ಲಿ ಹೋಟೆಲ್ ಆಯಿತು. ಉದಯಪುರದಲ್ಲಿ ಸರೋವರದ ನಡುವಿನ ಜಗ್ ನಿವಾಸ 1963ರಲ್ಲಿ. ನೀರಿನ ಮಧ್ಯೆ ಇರುವ ಕಟ್ಟಡಕ್ಕೆ ಸುಣ್ಣ ಬಳಿಯುವುದೂ ಒಂದು ಯುದ್ಧ. 1971ರಲ್ಲಿ ಇಂದಿರಾ ಗಾಂಧಿ ಸರ್ಕಾರ ಹಳೆಯ ರಾಜಮನೆತನಗಳಿಗೆ ಕೊಡುತ್ತಿದ್ದ ರಾಜಧನ ನಿಲ್ಲಿಸಿದ ಮೇಲೆ ಉಳಿದವರಿಗೂ ಇದೇ ದಾರಿ ಆಯಿತು. ಜೋಧಪುರದ ಉಮೇದ್ ಭವನದ ಕತೆ ಇನ್ನೂ ಬೇರೆ. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲಿ ಎಂದು ಮಹಾರಾಜ 1929ರಲ್ಲಿ ಕೆಲಸ ಶುರು ಮಾಡಿಸಿದ, ಮುಗಿದದ್ದು 1943ರಲ್ಲಿ. 347 ಕೋಣೆಗಳು. ಇನ್ನು ನಾಲ್ಕೇ ವರ್ಷಕ್ಕೆ ರಾಜ್ಯವೇ ಹೋಯಿತು! ಈಗ ಒಂದು ಭಾಗದಲ್ಲಿ ರಾಜಮನೆತನ, ಒಂದು ಭಾಗದಲ್ಲಿ ಹೋಟೆಲ್, ಇನ್ನೊಂದರಲ್ಲಿ ಮ್ಯೂಸಿಯಂ. ಪ್ರಿಯಾಂಕಾ ಚೋಪ್ರಾ 2018ರಲ್ಲಿ ಮದುವೆಯಾದದ್ದು ಅಲ್ಲೇ.

ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಹೋಟೆಲ್ ಆಗಿಲ್ಲ ಎನ್ನುವುದು ನನಗೆ ಸಮಾಧಾನವೇ. 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಕಾಡಿನ ಮಧ್ಯೆ ಕಟ್ಟಿಸಿದ್ದು. ಆ ಮರದ ಕೆತ್ತನೆ, ಚಾವಣಿಯ ಬಣ್ಣ ನೋಡೋಕೆ ಇವತ್ತೂ ನೀವು, ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಬಹುದು. ಹೋಟೆಲ್ ಆಗಿದ್ದರೆ ಗೇಟಿನಲ್ಲೇ ‘ಬುಕಿಂಗ್ ಇದೆಯಾ?’ ಎಂದು ಕೇಳುತ್ತಿದ್ದರು, ಅಲ್ವಾ?

ಎಲಿಜಬೆತ್ ರಾಣಿ ಮರದ ಮೇಲಿನ ಹೋಟೆಲ್‌ನಲ್ಲಿ ರಾಣಿ ಆದರಂತೆ. ನಿಜವಾ ಆಂಟಿ?
— ಏಳನೇ ಕ್ಲಾಸಿನ ಹುಡುಗಿ, ಮಡಿಕೇರಿ

ನಿಜ ಪುಟ್ಟಾ. ಕೆನ್ಯಾ ದೇಶದ ಕಾಡಿನಲ್ಲಿ ಟ್ರೀಟಾಪ್ಸ್ ಎಂಬ ಹೋಟೆಲ್. ದೊಡ್ಡ ಅತ್ತಿ ಜಾತಿಯ ಮರದ ಮೇಲೆ ಕೋಣೆಗಳು, ಕೆಳಗೆ ಆನೆ, ಘೇಂಡಾಮೃಗ ನೀರು ಕುಡಿಯೋಕೆ ಬರುವ ಹೊಂಡ. 1952ರ ಫೆಬ್ರವರಿ 5ರಂದು ಎಲಿಜಬೆತ್ ಗಂಡನ ಜೊತೆ ಅಲ್ಲಿ ರಾತ್ರಿ ಕಳೆದಳು. ಆಗ ಅವಳಿಗೆ 25 ವರ್ಷ. ಅದೇ ರಾತ್ರಿ ಇಂಗ್ಲೆಂಡಿನಲ್ಲಿ ಅವಳ ಅಪ್ಪ ಆರನೇ ಜಾರ್ಜ್ ನಿದ್ದೆಯಲ್ಲೇ ತೀರಿಕೊಂಡ. ಸುದ್ದಿ ಅವಳಿಗೆ ಸಿಕ್ಕಿದ್ದು ಮರ ಇಳಿದು ಬಂದ ಮೇಲೆ, ಬೇರೆ ಮನೆಯಲ್ಲಿ. ಅಂದರೆ ಮರದ ಮೇಲೆ ಇದ್ದಾಗ ತಾನು ರಾಣಿ ಅಂತ ಅವಳಿಗೇ ಗೊತ್ತಿರಲಿಲ್ಲ. ಅವತ್ತು ಜೊತೆಗಿದ್ದವರು ಯಾರು ಗೊತ್ತಾ? ಹುಲಿ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್. ಆ ಮರದ ಮನೆ 1954ರಲ್ಲಿ ಅಲ್ಲಿನ ಸ್ವಾತಂತ್ರ್ಯ ಹೋರಾಟದ ಗಲಾಟೆಯಲ್ಲಿ ಸುಟ್ಟುಹೋಯಿತು. ಆಮೇಲೆ ಮತ್ತೆ ಕಟ್ಟಿದರು.

ಟಾಟಾ ಅವರನ್ನು ಬಿಳಿಯರ ಹೋಟೆಲ್‌ನಲ್ಲಿ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ಮುಂಬೈ ತಾಜ್ ಕಟ್ಟಿದರು ಎನ್ನುತ್ತಾರಲ್ಲ?
— ಓದುಗ, ಸುಂಟಿಕೊಪ್ಪ

ನಾವೂ ಟ್ರೈನಿಂಗ್‌ನಲ್ಲಿ ಇದನ್ನೇ ಕೇಳಿಸಿಕೊಂಡೆವು. ಒಳ್ಳೆಯ ಕತೆ, ಆದರೆ ಗಟ್ಟಿ ಪುರಾವೆ ಇಲ್ಲ. ಕತೆಯಲ್ಲಿ ಬರುವ ವಾಟ್ಸನ್ಸ್ ಹೋಟೆಲ್ ಕಟ್ಟಡ ಮುಂಬೈಯ ಕಾಲಾ ಘೋಡಾದಲ್ಲಿ ಈಗಲೂ ಇದೆ. 1896ರಲ್ಲಿ ಭಾರತದ ಮೊದಲ ಸಿನಿಮಾ ಪ್ರದರ್ಶನ ಆದದ್ದೂ ಅಲ್ಲೇ. ಪ್ಲೇಗ್ ಬಂದು ಸೊರಗಿದ್ದ ಊರಿಗೆ ಒಂದು ಒಳ್ಳೆಯ ಹೋಟೆಲ್ ಬೇಕು ಎಂದು ಜಮ್‌ಶೆಟ್‌ಜಿ ಟಾಟಾ ಕಟ್ಟಿಸಿದರು ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ತಾಜ್ ತೆರೆದದ್ದು 1903ರ ಡಿಸೆಂಬರ್ 16. ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಎಲ್ಲರೂ ಗೇಟ್‌ವೇ ಹಳೆಯದು ಎಂದುಕೊಂಡಿರುತ್ತಾರೆ!

ದೊಡ್ಡವರು ಬಿಲ್ ಸರಿಯಾಗಿ ಕಟ್ಟುತ್ತಾರಾ?
— ದಿನಸಿ ಅಂಗಡಿ ಮಾಲೀಕ, ಗೋಣಿಕೊಪ್ಪ

ಕೆಲವರು. ಸೈನ್ಯದ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದ ಚರ್ಚಿಲ್ ಅಲ್ಲಿನ ಕ್ಲಬ್‌ಗೆ 13 ರೂಪಾಯಿ ಬಾಕಿ ಇಟ್ಟು ಹೋದರು. 1899ರ ಆ ಕ್ಲಬ್ಬಿನ ಪುಸ್ತಕದಲ್ಲಿ ವಸೂಲಾಗದ ಬಾಕಿ ಎಂದು ಹೆಸರು ಈಗಲೂ ಇದೆ. ನಿಮ್ಮ ಉದ್ರಿ ಪುಸ್ತಕ ಜೋಪಾನ ಮಾಡಿಡಿ.

ಮದುವೆಯಾಗಿ 25 ವರ್ಷ ಆಯಿತು. ಒಂದು ಸಲವಾದರೂ ಅರಮನೆ ಹೋಟೆಲ್ ನೋಡಬೇಕು ಎಂದು ಹೆಂಡತಿ ಆಸೆ. ನಮ್ಮ ಬಜೆಟ್‌ಗೆ ರೂಮ್ ಆಗಲ್ಲ.
— ಸೋಮವಾರಪೇಟೆಯಿಂದ ಒಬ್ಬರು

ರೂಮ್ ಬೇಡ, ಟೀ ಕುಡಿಯೋಕೆ ಹೋಗಿ. ಮೈಸೂರಿನ ಲಲಿತ ಮಹಲ್ ನಮಗೆ ಹತ್ತಿರ. ವೈಸ್‌ರಾಯ್ ಬಂದಾಗ ಇಳಿಯಲಿ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿಸಿದ್ದು. ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಮಾದರಿ. 1974ರಲ್ಲಿ ಹೋಟೆಲ್ ಆಯಿತು. ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ. ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಹೈದರಾಬಾದಿನ ಫಲಕ್‌ನುಮಾ. ನಿಜಾಮನ ಅರಮನೆ, 101 ಜನ ಒಟ್ಟಿಗೆ ಕೂರುವ ಊಟದ ಮೇಜು ಅಲ್ಲಿದೆ. ಎಷ್ಟೋ ವರ್ಷ ಬೀಗ ಹಾಕಿಕೊಂಡು ಬಿದ್ದಿದ್ದದ್ದನ್ನು ರಿಪೇರಿ ಮಾಡಿ 2010ರಲ್ಲಿ ಹೋಟೆಲ್ ಮಾಡಿದರು. ಸಂಜೆಯ ಟೀಗೆ ಮೊದಲೇ ಬುಕ್ ಮಾಡಬೇಕು. ಒಳ್ಳೆಯ ಸೀರೆ ಉಡೋಕೆ ಹೇಳಿ. ನೀವೂ ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಚಪ್ಪಲಿ ಬೇಡ, ಶೂ ಇರಲಿ. ಬೆಲೆ ನೋಡಿ ಗಾಬರಿಯಾದರೂ ಮುಖದಲ್ಲಿ ತೋರಿಸಬೇಡಿ, ಅವರು ಅದನ್ನು ದಿನಾ ನೋಡಿರುತ್ತಾರೆ.

ನೀವು ಈ ಐಷಾರಾಮಿ ಹೋಟೆಲ್‌ಗಳನ್ನು ಹೊಗಳುತ್ತೀರಿ. ನಮ್ಮ ಗುಡ್ಡ ಕಡಿದು ರೆಸಾರ್ಟ್ ಮಾಡುವುದು ಕಾಣಿಸುವುದಿಲ್ಲವಾ?
— ಮಾದಾಪುರದ ಓದುಗ

ಕಾಣಿಸುತ್ತದೆ. 2018ರ ಆಗಸ್ಟ್‌ನಲ್ಲಿ ನಿಮ್ಮ ಕಡೆ ಗುಡ್ಡ ಜಾರಿ ಬಂದದ್ದನ್ನು ನೋಡಿದವರು ಯಾರೂ ಮರೆಯುವುದಿಲ್ಲ. ಆ ಮಳೆಯೇ ವಿಪರೀತದ್ದು, ನಿಜ. ಆದರೂ ಕಡಿದಾದ ಜಾಗವನ್ನು ಜೆಸಿಬಿಯಿಂದ ನೇರ ಕೊಯ್ದು, ನೀರು ಹರಿಯುವ ದಾರಿ ಮುಚ್ಚಿ ಕಾಟೇಜ್ ಕಟ್ಟುವುದು ಕೆಟ್ಟ ಹೋಟೆಲ್‌ಗಾರಿಕೆ. ಒಳ್ಳೆಯ ಅತಿಥಿ ಅದಕ್ಕೆ ದುಡ್ಡು ಕೊಡುವುದೂ ಇಲ್ಲ. ನಾನು ನೋಡಿದ ದೊಡ್ಡವರಲ್ಲಿ ಹೆಚ್ಚಿನವರು ಕೇಳಿದ್ದು ಯಾರೂ ನೋಡದ ಒಂದು ಜಗಲಿ, ಮರದ ನೆರಳು, ಸದ್ದಿಲ್ಲದ ಬೆಳಗು. ಅದೆಲ್ಲ ನಮ್ಮ ಕಾಫಿ ತೋಟದಲ್ಲಿ ಆಗಲೇ ಇದೆ. ನೆರಳಿನ ಮರ ಕಡಿದು ಸ್ವಿಮ್ಮಿಂಗ್ ಪೂಲ್ ತೋಡಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ತುಂಬಿಸುವವರಿಗೆ ಏನು ಹೇಳೋಣ! ಪಂಚಾಯಿತಿ ಸಭೆಯಲ್ಲಿ ಈ ಪ್ರಶ್ನೆ ಎತ್ತಿ. ನನಗೆ ಬರೆಯುವುದಕ್ಕಿಂತ ಅದು ಉಪಯೋಗ.

ನಮ್ಮದು ನಾಲ್ಕು ಕೋಣೆಯ ಹೋಮ್‌ಸ್ಟೇ. ಮುಂದಿನ ತಿಂಗಳು ಒಬ್ಬ ದೊಡ್ಡ ಸಿನಿಮಾದವರು ವಿದೇಶಿ ಗೆಳೆಯರ ಜೊತೆ ಬರುತ್ತಾರಂತೆ. ಬುಕಿಂಗ್ ಬೇರೆ ಹೆಸರಿನಲ್ಲಿದೆ. ಕೈಕಾಲು ಆಡುತ್ತಿಲ್ಲ. ಕಾಂಟಿನೆಂಟಲ್ ಅಡುಗೆಗೆ ಮೈಸೂರಿನಿಂದ ಶೆಫ್ ಕರೆಸಲಾ?
— ಕಕ್ಕಬ್ಬೆಯಿಂದ ಒಬ್ಬರು

ಬೇಡವೇ ಬೇಡ. ಪಾಸ್ತಾ ತಿನ್ನೋಕೆ ಯಾರೂ ತಡಿಯಂಡಮೋಳ್ ಬೆಟ್ಟದ ಬುಡಕ್ಕೆ ಬರುವುದಿಲ್ಲ. ನಿಮ್ಮ ಮನೆಯ ಪಂದಿ ಕರಿ (ಹಂದಿ ಸಾರು), ಅಕ್ಕಿಯ ಕಡಂಬುಟ್ಟು, ನೂಲ್‌ಪುಟ್ಟು ಮಾಡಿ. ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಹಳೆಯದು ಇರಲಿ. ಹಂದಿ ತಿನ್ನದವರು ಇರುತ್ತಾರೆ, ಮೊದಲೇ ಕೇಳಿ, ಕೋಳಿ ಸಾರೂ ಇರಲಿ. ಮಳೆಗಾಲವಾದರೆ ಬೈಂಬಳೆ (ಕಳಲೆ) ಕರಿ ತಪ್ಪಿಸಬೇಡಿ. ಖಾರ ಮಾತ್ರ ಒಂದು ಕೈ ಕಮ್ಮಿ.

ಶೆಫ್‌ಗೆ ಕೊಡುವ ದುಡ್ಡಲ್ಲಿ ಗೀಸರ್ ರಿಪೇರಿ ಮಾಡಿಸಿ, ಜನರೇಟರ್‌ಗೆ ಡೀಸೆಲ್ ತುಂಬಿಸಿ. ಹಾಸಿಗೆ ಬಟ್ಟೆಯನ್ನು ಹಿಂದಿನ ದಿನ ಒಗೆದರೆ ಸಾಲದು, ನಮ್ಮ ಕಡೆಯ ತೇವಕ್ಕೆ ವಾಸನೆ ಬರುತ್ತದೆ. ಒಣಗಿಸಿ, ಇಸ್ತ್ರಿ ಮಾಡಿ, ಹಾಸುವ ದಿನವೇ ಬೀರುವಿನಿಂದ ತೆಗೆಯಿರಿ. ಬಾಗಿಲ ಹತ್ತಿರ ಉಪ್ಪಿನ ಡಬ್ಬ ಇಡಿ. ಜಿಗಣೆಗೆ ಸ್ಟಾರು ಗೀರು ಗೊತ್ತಾಗಲ್ಲ.

ಬೇರೆ ಹೆಸರಿನ ವಿಷಯ: ಬುಕಿಂಗ್ ಹೇಗಾದರೂ ಇರಲಿ, ರಿಜಿಸ್ಟರ್‌ನಲ್ಲಿ ಅಸಲಿ ಹೆಸರೇ ಬರೆಯಬೇಕು, ಗುರುತಿನ ಚೀಟಿ ನೋಡಲೇಬೇಕು. ಆ ಪುಸ್ತಕ ಮೇಜಿನ ಮೇಲೆ ಬಿದ್ದಿರದೆ ನಿಮ್ಮ ಬೀರುವಿನಲ್ಲಿರಲಿ. ವಿದೇಶಿ ಅತಿಥಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಇದೆ, ಮೊದಲು ಸಿ-ಫಾರ್ಮ್ ಎನ್ನುತ್ತಿದ್ದರು. ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದನ್ನು ಮರೆತರೆ ಸ್ಟಾರ್ ಹೋದ ಮೇಲೆ ನೀವು ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಕೆಲಸದವರಿಗೆ ಒಂದೇ ಮಾತು ಹೇಳಿ: ಫೋಟೋ ಬೇಡ, ಅವರಾಗಿಯೇ ಕರೆದರೆ ಮಾತ್ರ. ಸ್ಟೇಟಸ್ ಹಾಕುವುದಾದರೆ ಅವರು ಹೋಗಿ ಒಂದು ವಾರ ಆದ ಮೇಲೆ, ಅದೂ ಅವರನ್ನು ಕೇಳಿ. ನಿಮ್ಮ ಭಾವಮೈದುನರಿಗೆ, ಅವರ ಮಕ್ಕಳಿಗೆ ಆ ಎರಡು ದಿನ ಬೇರೆ ಕಡೆ ಏನಾದರೂ ಕೆಲಸ ಹುಡುಕಿಡಿ. ಮತ್ತೆ, ಅಡ್ವಾನ್ಸ್ ತೆಗೆದುಕೊಂಡಿದ್ದೀರಾ? ಇಲ್ಲವಾದರೆ ಇವತ್ತೇ ಫೋನ್ ಮಾಡಿ ಅರ್ಧ ಹಾಕಿಸಿಕೊಳ್ಳಿ. ಬಿಲ್ ಯಾರ ಹೆಸರಿಗೆ, ಅವರಿಗಾ ಸಿನಿಮಾ ಕಂಪನಿಗಾ ಎಂದೂ ಆಗಲೇ ಕೇಳಿಬಿಡಿ.